‘ಗೋಡೌನ್ ಕೆಲಸ’ ಅಂದ್ರೆ ಏನ್ರಿ? ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಇನ್ವೆಂಟರಿ ಪ್ಲ್ಯಾನರ್‌ಗಳ ಬಗ್ಗೆ

ಬಸ್ಸಿನಾಗ ಕುಂತು ಕೇಳ್ತಿರೋರು, ಮನ್ಯಾಗ ಭಾಂಡಿ ತೊಳಕೋತ ಕೇಳ್ತಿರೋರು, ಒಂಚೂರು ಕಿವಿ ಕೊಡ್ರಿ. ಇವತ್ತು ಸ್ವಲ್ಪ ಲೆಕ್ಕ ಬರ್ತೈತಿ. ಹೆದರಬ್ಯಾಡ್ರಿ, ಬಿ.ಕಾಂನಾಗ ಐದು ಮಾರ್ಕ್ಸಿಗೆ ಬಾಯಿಪಾಠ ಮಾಡಿದ್ದ ಲೆಕ್ಕನ ಅದು.

ಮೊನ್ನೆ ಮೂಡಲಗಿ ಕಡೆಯಿಂದ ಒಂದು ವಾಯ್ಸ್ ನೋಟ್ ಬಂತು. ಹೆಸರು ಹೇಳಬ್ಯಾಡ ಅಂದಾರ, ಹೇಳಲ್ಲ. ಅವರು ಹೇಳಿದ್ದು ಹೆಚ್ಚೂಕಮ್ಮಿ ಇಷ್ಟು: "ಅಣ್ಣಾ, ನಂದು ಬಿ.ಕಾಂ ಮುಗದೈತಿ. ಎರಡು ವರ್ಷದಿಂದ ಎಫ್‌ಡಿಎ, ಎಸ್‌ಡಿಎ ಅಂತ ಓದಾಕತ್ತೀನಿ. ಈಗ ಒಂದು ಫ್ಯಾಕ್ಟರಿಯೊಳಗ ಸ್ಟೋರ್ಸ್ ಅಸಿಸ್ಟೆಂಟ್ ಅಂತ ಕೆಲಸ ಸಿಕ್ಕೈತಿ. ಇನ್ವೆಂಟರಿ ಪ್ಲ್ಯಾನಿಂಗ್ ಕಲಿಸ್ತೀವಿ ಅಂತಾರ. ನಮ್ಮಪ್ಪ, 'ಡಿಗ್ರಿ ಮಾಡಿ ಗೋಡೌನ್‌ನಾಗ ಚೀಲ ಎಣಸಾಕ ಹೋಗ್ತಿಯೇನವಾ' ಅಂತಾನ. ಹೋಗ್ಲೋ ಬ್ಯಾಡೋ? ಸೋಮವಾರದೊಳಗ ಹೇಳ್ಬೇಕು."

ಇದಕ್ಕೆ ಫೋನಿನಲ್ಲೇ ಎರಡು ಸಾಲಿನ ಉತ್ತರ ಕೊಡಬಹುದಿತ್ತು. ಆದರೆ ಆ ಅಪ್ಪನ ಪ್ರಶ್ನೆ ಒಂದೇ ಮನೆಯದ್ದಲ್ಲ. ನಮ್ಮ ಸೀಮೆಯಲ್ಲಿ ಕಾಮರ್ಸ್ ಓದಿದವರಿಗೆ ಕಾಣೋದು ಮೂರೇ ದಾರಿ. ಬ್ಯಾಂಕ್ ಪರೀಕ್ಷೆ, ಸರ್ಕಾರಿ ಪರೀಕ್ಷೆ, ಇಲ್ಲಾ ಯಾರಾದರೂ ಆಡಿಟರ್ ಆಫೀಸಿನಲ್ಲಿ ಕುಂತು ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್. ನಾಲ್ಕನೆಯದು ಕಣ್ಣೆದುರಿಗೇ ಇದೆ. ಅದಕ್ಕೆ ನಾವು ಇಟ್ಟಿರೋ ಹೆಸರೇ ಗೋಡೌನ್ ಕೆಲಸ. ಹೆಸರು ಹಂಗಿದ್ದ ಮೇಲೆ ಮನೆಯವರು ಬ್ಯಾಡ ಅನ್ನೋದು ಸಹಜ.

ಮೊದಲು ಅಪ್ಪನಿಗೆ ಹೇಳಬೇಕಾದ ಮಾತು. ಯಾವುದೇ ಸ್ಟೋರ್‌ನಲ್ಲಿ ಎರಡು ಪ್ರಶ್ನೆ ಇರ್ತಾವ. ಒಂದು, "ಎಷ್ಟು ಐತಿ?" ಇನ್ನೊಂದು, "ಎಷ್ಟು ಇರಬೇಕು?" ಮೊದಲನೆಯದಕ್ಕೆ ಉತ್ತರ ಕೊಡೋರು ಸ್ಟೋರ್ ಕೀಪರ್. ಎರಡನೆಯದಕ್ಕೆ ಉತ್ತರ ಕೊಡೋರು ಇನ್ವೆಂಟರಿ ಪ್ಲ್ಯಾನರ್. ಯಾವ ಮಾಲು, ಎಷ್ಟು, ಯಾವಾಗ ತರಿಸಬೇಕು, ಎಲ್ಲಿ ಇಡಬೇಕು ಅನ್ನೋದು ಅವರ ಕೆಲಸ. ಎಣಿಕೆ ಕೀಳು ಅಂತ ನಾನು ಹೇಳ್ತಿಲ್ಲ. ಎಣಿಕೆ ತಪ್ಪಿದ್ರ ಎರಡನೇ ಪ್ರಶ್ನೆಗೆ ಯಾವ ಉತ್ತರ ಕೊಟ್ಟರೂ ತಪ್ಪೇ. ಆದರೆ ಇಡೀ ಕರಿಯರ್ ನಿಂತಿರೋದು ಮೊದಲನೇ ಪ್ರಶ್ನೆಯಿಂದ ಎರಡನೇ ಪ್ರಶ್ನೆಗೆ ನೀವು ದಾಟ್ತೀರೋ ಇಲ್ಲವೋ ಅನ್ನೋದರ ಮೇಲೆ. ಬಹಳ ಜನ ದಾಟೋದಿಲ್ಲ. ಹತ್ತು ವರ್ಷ ಆದರೂ ರಜಿಸ್ಟರ್ ಬರಕೋತ ಕುಂದಿರ್ತಾರ. ಅಪ್ಪನ ಭಯ ಅದರದ್ದೇ ಇದ್ರ, ಆ ಭಯ ಸುಳ್ಳಲ್ಲ.

ಈಗ ನಮ್ಮೂರಿನ ಕಡೆ ನೋಡೋಣ. ಗೋಕಾಕ ಅಂದ್ರ ಕರದಂಟು. ಕರದಂಟಿನ ಅಂಗಡಿ ಹಿಂದಿರೋ ಭಟ್ಟಿಯನ್ನ ಒಂದು ಸಣ್ಣ ಫ್ಯಾಕ್ಟರಿ ಅಂತ ತಿಳ್ಕೊಳ್ರಿ. ಬೆಲ್ಲ, ಅಂಟು, ಗೋಡಂಬಿ, ಬಾದಾಮಿ, ಉತ್ತತ್ತಿ, ಒಣಕೊಬ್ಬರಿ ಬೇಕು. ಆಮೇಲೆ ಡಬ್ಬಿ. ಒಂದು ಸಾಮಾನು ತಪ್ಪಿದ್ರೂ ಭಟ್ಟಿ ನಿಂತಂಗ.

ಬೆಲ್ಲದ್ದೊಂದು ಲೆಕ್ಕ ಹಾಕೋಣ. ಉದಾಹರಣೆಗೆ ನಾನೇ ಹಿಡಿದ ಅಂಕಿ ಇವು, ಯಾವ ಅಂಗಡಿಯದ್ದೂ ಅಲ್ಲ. ದಿನಕ್ಕೆ ಸರಾಸರಿ 20 ಕೆಜಿ ಬೆಲ್ಲ ಖರ್ಚು. ಹಬ್ಬ, ಮದುವೆ ಸೀಸನ್ ಬಂದ್ರ 30 ಕೆಜಿ. ಆರ್ಡರ್ ಹೇಳಿದ ಮೇಲೆ ಮಾಲು ಬರೋಕೆ ಸಾಮಾನ್ಯವಾಗಿ 4 ದಿನ, ತೀರಾ ತಡ ಆದ್ರ 6 ದಿನ. ಹಾಗಾದರೆ ಗೋಡೌನ್‌ನಲ್ಲಿ ಎಷ್ಟು ಬೆಲ್ಲ ಉಳಿದಾಗ ಮುಂದಿನ ಆರ್ಡರ್ ಹೇಳಬೇಕು? ಹೆಚ್ಚಿನ ಖರ್ಚು 30, ಹೆಚ್ಚಿನ ದಿನ 6. ಗುಣಿಸಿದ್ರ 180 ಕೆಜಿ. ಇದೇ ಕಾಸ್ಟ್ ಅಕೌಂಟಿಂಗ್ ಪುಸ್ತಕದ ರೀಆರ್ಡರ್ ಲೆವೆಲ್. ಸರಾಸರಿ ದಿನಗಳಲ್ಲಿ ಆ 4 ದಿನಕ್ಕೆ ಖರ್ಚಾಗೋದು 80 ಕೆಜಿ. 180ರಲ್ಲಿ 80 ಕಳೆದ್ರ 100 ಕೆಜಿ. ಪುಸ್ತಕದಲ್ಲಿ ಅದಕ್ಕೆ ಮಿನಿಮಮ್ ಲೆವೆಲ್ ಅಂತಾರ, ಫ್ಯಾಕ್ಟರಿಯಲ್ಲಿ ಸೇಫ್ಟಿ ಸ್ಟಾಕ್. ಆ 100 ಕೆಜಿ ಬೆಲ್ಲ ತಿನ್ನೋಕಲ್ಲ, ನಿದ್ದೆ ಮಾಡೋಕೆ.

ಇಷ್ಟು ಬಂದ್ರ ಪರೀಕ್ಷೆಯಲ್ಲಿ ಐದಕ್ಕೆ ಐದು. ಕೆಲಸ ಶುರುವಾಗೋದು ಇಲ್ಲಿಂದ ಮುಂದೆ. ಆ 6 ದಿನ ಅನ್ನೋ ಅಂಕಿ ಯಾರು ಹೇಳಿದ್ರು? ವ್ಯಾಪಾರಿ ಹೇಳಿದ್ದಾ, ಇಲ್ಲಾ ಹೋದ ಒಂದು ವರ್ಷದ ಬಿಲ್ ತೆಗೆದು ನೀವೇ ಎಣಿಸಿದ್ದಾ? ಮಳೆಗಾಲದಾಗೂ 6 ದಿನಾನೇ ಏನು? 2019ರ ಆಗಸ್ಟ್ ನೆನಪಿರಬೇಕು. ಘಟಪ್ರಭಾ ನದಿ ಗೋಕಾಕ ಊರೊಳಗ ಬಂದಾಗ ಲೋಳಸೂರ ಸೇತುವೆ ಮುಳುಗಿತ್ತು. 2021ರ ಜುಲೈನಲ್ಲಿ ಮತ್ತೆ ಪ್ರವಾಹ. ಸೇತುವೆ ಮುಳುಗಿದ ದಿನ ಲೀಡ್ ಟೈಮ್ ಎಷ್ಟು? ಅಂಥ ದಿನಕ್ಕಂತ ವರ್ಷಪೂರ್ತಿ ಸ್ಟಾಕ್ ಇಟ್ರ ದುಡ್ಡು ಹಾಳು. ಇಡದಿದ್ರ ಅಂಗಡಿ ಬಂದ್. ಇದಕ್ಕೆ ಸೂತ್ರ ಇಲ್ಲ. ಜೂನ್ ಕೊನೆಗೆ ಹೆಚ್ಚಿಸಿ ಸೆಪ್ಟೆಂಬರ್‌ನಲ್ಲಿ ಇಳಿಸೋದು, ಮಾಲನ್ನ ನದಿದಂಡೆ ಓಣಿ ಬಿಟ್ಟು ಎತ್ತರದ ಜಾಗದಲ್ಲಿ ಇಡೋದು, ಇಂಥ ನಿರ್ಧಾರ ಮಾಡೋರಿಗೆ ಊರು ಗೊತ್ತಿರಬೇಕು. ಗೋಕಾಕದವರಿಗೆ ಅದು ಯಾರೂ ಕಲಿಸೋದು ಬ್ಯಾಡ.

ಇನ್ನೊಂದು ಮಜಾ ಕೇಳ್ರಿ. ಗೋಕಾಕ ಗ್ರಾಮದೇವತೆ ಲಕ್ಷ್ಮೀದೇವಿಯ ದೊಡ್ಡ ಜಾತ್ರೆ ಐದು ವರ್ಷಕ್ಕೊಮ್ಮೆ. ಹೋದ ವರ್ಷದ ಮಾರಾಟ ನೋಡಿ ಈ ವರ್ಷದ ಅಂದಾಜು ಹಾಕೋ ಸಾಫ್ಟ್‌ವೇರ್‌ಗೆ ಆ ಜಾತ್ರೆ ಕಾಣೋದೇ ಇಲ್ಲ. ಜಾತ್ರೆ ಮುಗಿದ ಮುಂದಿನ ವರ್ಷ ಅದೇ ಸಾಫ್ಟ್‌ವೇರ್, "ಹೋದ ಸಲ ಈ ವಾರ ಭಾರೀ ಮಾರಾಟ ಆಗಿತ್ತು, ಡಬಲ್ ತರಿಸು" ಅಂತ ಹೇಳುತ್ತೆ. ಬ್ಯಾಡಪ್ಪಾ, ಅದು ಜಾತ್ರಿ ಇತ್ತು ಅಂತ ಹೇಳೋ ಮನುಷ್ಯ ಅಲ್ಲಿ ಕುಂತಿರಬೇಕು. "ಈ ಕೆಲಸ ಎಐ ಮಾಡಲ್ವಾ ಅಣ್ಣಾ" ಅಂತ ಕಾಮೆಂಟ್ ಹಾಕೋರಿಗೆ ಇದೇ ನನ್ನ ಉತ್ತರ. ಗುಣಾಕಾರ ಅದು ಮಾಡಲಿ. ಜಾತ್ರಿ ಯಾವಾಗ ಅಂತ ನಾವು ಹೇಳೋಣ.

ಡಬ್ಬಿ ಲೆಕ್ಕ ಇನ್ನೂ ರುಚಿ ಇದೆ. ವರ್ಷಕ್ಕೆ 16,200 ಡಬ್ಬಿ ಬೇಕು ಅಂತಿಟ್ಕೊಳ್ರಿ. ಒಂದು ಸಲ ಆರ್ಡರ್ ಹಾಕಿ ತರಿಸೋಕೆ ಗಾಡಿ, ಹಮಾಲಿ, ಓಡಾಟ ಸೇರಿ 400 ರೂಪಾಯಿ. ಒಂದು ಡಬ್ಬಿ ಒಂದು ವರ್ಷ ಗೋಡೌನ್‌ನಲ್ಲಿ ಕುಂತ್ರ ಜಾಗ, ಬಡ್ಡಿ, ಹಾಳಾಗೋದು ಸೇರಿ 4 ರೂಪಾಯಿ. ಇಒಕ್ಯೂ ಸೂತ್ರ ಹಾಕಿದ್ರ ಸರಿಯಾಗಿ 1,800 ಡಬ್ಬಿ ಬರುತ್ತೆ. ವರ್ಷಕ್ಕೆ 9 ಸಲ ಆರ್ಡರ್. ಈ ಸೂತ್ರಕ್ಕೆ ನೂರು ವರ್ಷದ ಮೇಲಾಯ್ತು. 1913ರಲ್ಲಿ ಅಮೆರಿಕದ ಫೋರ್ಡ್ ಹ್ಯಾರಿಸ್ ಅನ್ನೋ ಎಂಜಿನಿಯರ್ ಬರೆದದ್ದು. ಕಾರಿನ ಫೋರ್ಡ್ ಅಲ್ಲ, ಬೇರೆ ಮನುಷ್ಯ.

ಆದರೆ ಪ್ರಿಂಟಿಂಗ್‌ನವರು ಹೇಳ್ತಾರ, "ಸಾಹೇಬ್ರ, 5,000ಕ್ಕಿಂತ ಕಡಿಮಿ ಆದ್ರ ಮಷೀನ್ ಹಚ್ಚಾಂಗಿಲ್ರಿ. 5,000 ತಗೊಂಡ್ರ ಡಬ್ಬಿಗೆ 50 ಪೈಸೆ ಕಡಿಮಿ ಮಾಡ್ತೀನಿ." ಈಗ? 1,800ರ ಲೆಕ್ಕದಲ್ಲಿ ಇಡೋ ಖರ್ಚು 3,600, ತರಿಸೋ ಖರ್ಚು 3,600, ಒಟ್ಟು 7,200 ರೂಪಾಯಿ. 5,000ದ ಲೆಕ್ಕದಲ್ಲಿ ಇಡೋ ಖರ್ಚು 10,000, ತರಿಸೋ ಖರ್ಚು ಹೆಚ್ಚೂಕಮ್ಮಿ 1,300, ಒಟ್ಟು 11,300. ಸುಮಾರು 4,100 ಜಾಸ್ತಿ. ಆದರೆ 16,200 ಡಬ್ಬಿಗೆ 50 ಪೈಸೆಯಂತೆ 8,100 ಉಳೀತು. ಅಂದ್ರ 5,000 ತರಿಸೋದೇ ಲಾಭ, ವರ್ಷಕ್ಕೆ 4,000 ರೂಪಾಯಿ. ಸೂತ್ರ ಬ್ಯಾಡ ಅಂದದ್ದನ್ನ ಲೆಕ್ಕ ಬೇಕು ಅಂತು.

ಅಲ್ಲಿಗೂ ಮುಗೀಲಿಲ್ಲ. ಡಬ್ಬಿ ಮೇಲೆ ಎಂಆರ್‌ಪಿ ಪ್ರಿಂಟ್ ಆಗಿರುತ್ತೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾದಾಗ ದೇಶದ ತುಂಬ ಎಷ್ಟೋ ಕಂಪನಿಗಳ ಗೋಡೌನ್‌ನಲ್ಲಿ ಹಳೇ ರೇಟಿನ ಪ್ಯಾಕಿಂಗ್ ಕುಂತಿತ್ತು. ಹೊಸ ಸ್ಟಿಕ್ಕರ್ ಹಚ್ಚಿ ಮಾರೋಕೆ ಸರ್ಕಾರ ಅವಕಾಶ ಕೊಟ್ಟಿತು, ಸರಿ. ಆದರೆ ಒಂದೊಂದು ಡಬ್ಬಿಗೂ ಸ್ಟಿಕ್ಕರ್ ಹಚ್ಚೋ ಕೂಲಿ ಯಾರ ಲೆಕ್ಕಕ್ಕೆ? ಅದು ಹೆಚ್ಚು ಸ್ಟಾಕ್ ಇಟ್ಟವರ ಲೆಕ್ಕಕ್ಕೇ ಬಂತು. ನಾನಾಗಿದ್ರ ಡಬ್ಬಿಯನ್ನ ಎಂಆರ್‌ಪಿ ಇಲ್ಲದಂಗ ಪ್ರಿಂಟ್ ಮಾಡಿಸಿ, ಪ್ಯಾಕ್ ಮಾಡೋ ದಿನ ರೇಟು, ತಾರೀಖು ಹಚ್ಚೋ ವ್ಯವಸ್ಥೆ ಮಾಡ್ತಿದ್ದೆ. ಇಂಥದ್ದೊಂದು ಸಲಹೆ ಮಾಲೀಕರ ಮುಂದೆ ಅಂಕಿ ಸಮೇತ ಇಟ್ಟ ದಿನ ನೀವು ಚೀಲ ಎಣಿಸೋರಲ್ಲ.

ಕರದಂಟು ಬಿಟ್ಟು ಸಕ್ಕರೆಗೆ ಬರ್ರಿ. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕ ಕಡೆ ಘಟಪ್ರಭಾ, ಹಿಂಗ ಕಾರ್ಖಾನೆ ಸುತ್ತಲೇ ಬೆಳೆದ ಸೀಮೆ ನಮ್ಮದು. ಇಲ್ಲಿ ಸ್ಟಾಕಿನ ಲೆಕ್ಕ ಉಲ್ಟಾ. ಕಬ್ಬು ಕಡಿದ ಮೇಲೆ ಇಡೋ ಹಂಗಿಲ್ಲ. ದಿನ ಕಳೆದಂಗ ತೂಕನೂ ಇಳಿತೈತಿ, ಸಕ್ಕರೆ ಅಂಶನೂ ಇಳಿತೈತಿ. ಹಾಗಾಗಿ ಕಾರ್ಖಾನೆಯ ಕಚ್ಚಾಮಾಲಿನ ಗೋಡೌನ್ ಅಂದ್ರ ರೈತರ ಹೊಲಾನೇ. ಯಾವ ಹೊಲದ ಕಬ್ಬು ಯಾವ ದಿನ ಕಡೀಬೇಕು, ಗ್ಯಾಂಗ್ ಎಲ್ಲೈತಿ, ಟ್ರ್ಯಾಕ್ಟರ್ ಎಷ್ಟು ಸಾಲು ನಿಂತಾವು ಅಂತ ಕಬ್ಬಿನ ವಿಭಾಗದವರು ರಾತ್ರಿ ಹಗಲು ನೋಡ್ತಾರಲ್ಲ, ಅದು ಇನ್ವೆಂಟರಿ ಪ್ಲ್ಯಾನಿಂಗೇ. ಅವರಿಗೆ ಆ ಹೆಸರು ಇಲ್ಲ ಅಷ್ಟೆ. ಗೇಟಿನ ಹೊರಗ ಗಾಡಿ ಎರಡು ದಿನ ನಿಂತ್ರ ರೈತನಿಗೆ ತೂಕದಾಗ ಹೊಡ್ತ ಬೀಳ್ತೈತಿ. ಪ್ಲ್ಯಾನಿಂಗ್ ತಪ್ಪಿದ್ರ ಯಾರ ಜೇಬಿಗೆ ಕತ್ತರಿ ಅಂತ ಇಲ್ಲಿ ನೇರ ಕಾಣುತ್ತೆ.

ಇನ್ನೊಂದು ತುದಿಯಲ್ಲಿ ಸಕ್ಕರೆ. ನಾಲ್ಕೈದು ತಿಂಗಳಲ್ಲಿ ತಯಾರಾಗಿದ್ದನ್ನ ಹನ್ನೆರಡು ತಿಂಗಳು ಮಾರಬೇಕು. ಅದೂ ಮನಸ್ಸಿಗೆ ಬಂದಷ್ಟಲ್ಲ. 2018ರಿಂದ ಕೇಂದ್ರ ಸರ್ಕಾರ ಪ್ರತಿ ತಿಂಗಳು ಯಾವ ಕಾರ್ಖಾನೆ ಎಷ್ಟು ಸಕ್ಕರೆ ಮಾರಬಹುದು ಅಂತ ಕೋಟಾ ಕೊಡುತ್ತೆ. ಉಳಿದದ್ದು ಗೋಡೌನ್‌ನಲ್ಲಿ. ಅದರ ಮೇಲೆ ಬ್ಯಾಂಕ್ ಸಾಲ, ಸಾಲಕ್ಕೆ ಬಡ್ಡಿ. ಬ್ಯಾಲನ್ಸ್ ಶೀಟ್‌ನಲ್ಲಿ ಸ್ಟಾಕ್ ಆಸ್ತಿ ಕಡೆ ಕೂರುತ್ತೆ ಅಂತ ನಾವು ಓದಿದ್ದೀವಿ. 10 ಲಕ್ಷದ ಸ್ಟಾಕ್ ಕುಂತಿದ್ದು ಬಡ್ಡಿ ಶೇ 12 ಇದ್ರ, ಆ ಆಸ್ತಿ ತಿಂಗಳಿಗೆ 10,000 ರೂಪಾಯಿ ತಿಂತೈತಿ. ಈ ಮಾತು ಎಂಜಿನಿಯರ್‌ಗಿಂತ ಕಾಮರ್ಸ್‌ನವರಿಗೆ ಬೇಗ ಹೊಳೆಯುತ್ತೆ. ನಮ್ಮ ಬಂಡವಾಳ ಇರೋದು ಇಲ್ಲಿಯೇ.

ಹಂಗಂತ ಎಲ್ಲಾ ಸ್ಟಾಕ್ ಕಡಿಮೆ ಮಾಡೋದೇ ಜಾಣತನ ಅಂತ ತಿಳೀಬ್ಯಾಡ್ರಿ. ಹೊಸದಾಗಿ ಸೇರಿದ ಹುಡುಗರು ಮೊದಲು ಮಾಡೋದು ಏನಂದ್ರ, ಎಕ್ಸೆಲ್‌ನಲ್ಲಿ ಫಿಲ್ಟರ್ ಹಾಕಿ, ಮೂರು ವರ್ಷದಿಂದ ಅಲುಗಾಡದ ಐಟಂ ಹುಡುಕಿ "ಸರ್, ಇದು ಡೆಡ್ ಸ್ಟಾಕ್, ತೆಗೆದುಬಿಡೋಣ" ಅನ್ನೋದು. ಆ ಪಟ್ಟಿಯಲ್ಲಿ ಗಿರಣಿಯ ದೊಡ್ಡ ಬೇರಿಂಗ್ ಒಂದು ಇರುತ್ತೆ. ಸೀಸನ್ ನಡುವೆ ಅದು ಮುರಿದು, ಸ್ಟೋರ್‌ನಲ್ಲಿ ಇನ್ನೊಂದು ಇಲ್ಲದಿದ್ರ ಕಬ್ಬಿನ ಗಾಡಿಗಳು ರಸ್ತೆಯುದ್ದಕ್ಕೂ ನಿಲ್ತಾವ. ಇಂಥವಕ್ಕೆ ಇನ್ಶೂರೆನ್ಸ್ ಸ್ಪೇರ್ ಅಂತಾರ. ಬಳಕೆ ಆಗದಿರಲಿ ಅಂತಾನೇ ಇಡೋ ಸಾಮಾನು. ಆ ಪಟ್ಟಿ ಹಿಡ್ಕೊಂಡು ಮೇಂಟೆನೆನ್ಸ್‌ನ ಹಳೇ ಫಿಟ್ಟರ್ ಹತ್ರ ಹೋಗಿ "ಕಾಕಾ, ಇದು ಯಾಕ ಇಟ್ಟೀರಿ?" ಅಂತ ಕೇಳ್ರಿ. ಸರ್ಟಿಫಿಕೇಟ್ ಕೋರ್ಸಿನಲ್ಲಿ ಸಿಗದ ಪಾಠ ಅದು, ಚಾ ಜೊತೆ ಪುಕ್ಕಟೆ.

ಹುಕ್ಕೇರಿಯಲ್ಲಿ ಇದರದ್ದೇ ಇನ್ನೊಂದು ರೂಪ ಇದೆ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರದ್ದು. ನಮ್ಮ ರಾಜ್ಯದಲ್ಲಿ ಉಳಿದ ಕಡೆ ಹೆಸ್ಕಾಂ, ಬೆಸ್ಕಾಂ ಕರೆಂಟ್ ಕೊಟ್ಟರೆ ಇಲ್ಲಿ ಸಹಕಾರಿ ಸಂಘ ಕೊಡುತ್ತೆ. ಬೇಸಿಗೆಯಲ್ಲಿ ಎಲ್ಲರೂ ಒಮ್ಮೆಗೇ ಪಂಪ್‌ಸೆಟ್ ಹಚ್ಚಿದಾಗ "ಟಿಸಿ ಸುಟ್ಟೈತ್ರಿ" ಅಂತ ಫೋನ್ ಬರೋದು ಹಳ್ಳಿಯವರಿಗೆಲ್ಲ ಗೊತ್ತು. ಟಿಸಿ ಅಂದ್ರ ಟ್ರಾನ್ಸ್‌ಫಾರ್ಮರ್, ಬೆಂಗಳೂರಿನ ಕೇಳುಗರಿಗೆ ಹೇಳ್ತಿದೀನಿ. ಕರೆಂಟ್ ಹಂಚೋ ಯಾವುದೇ ಸಂಸ್ಥೆಗೂ ಇದೇ ಪ್ರಶ್ನೆ. ಬದಲಿ ಟಿಸಿ ಎಷ್ಟು ಇಡಬೇಕು? ಯಾವ ಸೈಜಿನದು? ಒಂದೇ ಕಡೆ ಇಡಬೇಕೋ, ಎರಡು ಕಡೆ ಹಂಚಿ ಇಡಬೇಕೋ? ಒಂದು ಕಡಿಮೆ ಇದ್ರ ಯಾರದೋ ಹೊಲದಾಗ ಬೆಳೆ ಒಣಗುತ್ತೆ. ಹತ್ತು ಜಾಸ್ತಿ ಇದ್ರ ದುಡ್ಡು ತುಕ್ಕು ಹಿಡಿಯುತ್ತೆ.

ನನಗೆ ಕೇಳಿದ್ರ ನಮ್ಮ ಸೀಮೆಯ ಅತಿ ದೊಡ್ಡ ಇನ್ವೆಂಟರಿ ಹಿಡಕಲ್ ಡ್ಯಾಂ. ಹುಕ್ಕೇರಿ ತಾಲ್ಲೂಕಿನಲ್ಲೇ ಇದೆ, 51 ಟಿಎಂಸಿ. ಮಳೆಗಾಲದಲ್ಲಿ ತುಂಬಿಸದಿದ್ರ ಬೇಸಿಗೆಗೆ ನೀರಿಲ್ಲ. ಜುಲೈನಲ್ಲೇ ತುಂಬಿಸಿಬಿಟ್ರ ಆಗಸ್ಟ್‌ನಲ್ಲಿ ದೊಡ್ಡ ಮಳೆ ಬಂದಾಗ ಜಾಗ ಇಲ್ಲ, ಕೆಳಗ ಬಿಡಲೇಬೇಕು. ಕೆಳಗ ಹಿರಣ್ಯಕೇಶಿ, ಮಾರ್ಕಂಡೇಯ ನೀರೂ ಕೂಡಿ ಗೋಕಾಕಕ್ಕೆ ಬರ್ತೈತಿ. ಎಷ್ಟು ತುಂಬಿಸಬೇಕು, ಎಷ್ಟು ಜಾಗ ಖಾಲಿ ಬಿಡಬೇಕು? "ಎಷ್ಟು ಇರಬೇಕು" ಅನ್ನೋ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಮನೆಯಲ್ಲಿ ಕೆಲಸ ಏನು ಅಂತ ಕೇಳಿದ್ರ ಡ್ಯಾಂ ತೋರಿಸ್ರಿ, ಅಪ್ಪನಿಗೆ ಥಟ್ ಅಂತ ತಿಳಿತೈತಿ.

ಇನ್ನು ಪಕ್ಕಾ ಪ್ಲ್ಯಾನರ್ ಅನ್ನೋ ಹುದ್ದೆ ಇರೋ ಜಾಗ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ, ಹೈವೇ ಪಕ್ಕ, ಏಕಸ್‌ನವರ ಎಸ್‌ಇಝಡ್ ಇದೆ. 2009ರಿಂದ ಇರೋದು. ಅಲ್ಲಿ ವಿಮಾನದ ಬಿಡಿಭಾಗ ತಯಾರಾಗ್ತಾವ. ಈ ಉದ್ಯಮದಲ್ಲಿ ಸಾಮಾನ್ಯವಾಗಿ ಏನಿರುತ್ತೆ ಹೇಳ್ತೀನಿ. ಕಚ್ಚಾ ಲೋಹವನ್ನ ಗಿರಾಕಿ ಒಪ್ಪಿದ ಕಂಪನಿಯಿಂದಲೇ ತರಿಸಬೇಕು. ಬಾಜೂ ಅಂಗಡಿಯಲ್ಲಿ ಅಗ್ಗ ಸಿಕ್ತು ಅಂತ ತರೋ ಹಂಗಿಲ್ಲ. ಹಲವು ಸಲ ಅದು ಹೊರದೇಶದಿಂದ ಬರಬೇಕು, ದಿನಗಳಲ್ಲ, ತಿಂಗಳುಗಳ ಲೆಕ್ಕ. ಪ್ರತಿ ತುಂಡೂ ಯಾವ ಬ್ಯಾಚಿನ ಲೋಹದಿಂದ ಬಂತು ಅನ್ನೋ ಕಾಗದ ಜೊತೆಗಿರಬೇಕು. ಮಾಲು ಕಪಾಟಿನಲ್ಲಿದ್ದು ಕಾಗದ ಇಲ್ಲದಿದ್ರ ಅದು ಸ್ಟಾಕ್ ಅಲ್ಲ, ಕಬ್ಬಿಣದ ಅಂಗಡಿ ಸಾಮಾನು. ಕರದಂಟಿನ ಭಟ್ಟಿಯಲ್ಲಿ 4 ದಿನ ಇದ್ದ ಲೀಡ್ ಟೈಮ್ ಇಲ್ಲಿ ತಿಂಗಳುಗಟ್ಟಲೆ. ಲೆಕ್ಕ ಮಾತ್ರ ಅದೇ.

ಹತ್ತರಗಿ ಬಿಟ್ಟರೆ ಬೆಳಗಾವಿ ಉದ್ಯಮಬಾಗ್‌ನ ಫೌಂಡ್ರಿಗಳು, ಮೂಡಲಗಿ ತಾಲ್ಲೂಕಿನ ಯಾದವಾಡದ ಸಿಮೆಂಟ್ ಕಾರ್ಖಾನೆ. ಗೋಕಾಕ ಫಾಲ್ಸ್ ಹತ್ತಿರದ ಮಿಲ್ಲಂತೂ 1880ರ ದಶಕದಿಂದ ಇರೋದು. ಹತ್ತಿ ಬರೋದು ಕೆಲವೇ ತಿಂಗಳು, ನೂಲು ತೆಗೆಯೋದು ವರ್ಷಪೂರ್ತಿ. ಅಂದ್ರ ನೂರಾಮೂವತ್ತು ವರ್ಷದ ಹಿಂದೆನೇ ಯಾರೋ ಅಲ್ಲಿ ಕುಂತು ಎಷ್ಟು ಗಂಟು ಹತ್ತಿ ಇಡಬೇಕು ಅಂತ ಲೆಕ್ಕ ಹಾಕಿರಲೇಬೇಕು. ಬೆಂಗಳೂರಿನ ಮಾತು ಬೇರೆ. ಟಾರ್ಗೆಟ್, ಟೆಸ್ಕೊ, ಲೋವ್ಸ್‌ನಂಥ ವಿದೇಶಿ ಅಂಗಡಿ ಕಂಪನಿಗಳ ಆಫೀಸುಗಳಲ್ಲಿ ಕುಂತ ನಮ್ಮವರು, ಹಿಮ ಬೀಳೋ ಊರಿನ ಅಂಗಡಿಗೆ ಸಲಿಕೆ ಎಷ್ಟು ಕಳಿಸಬೇಕು ಅಂತ ನೋಡ್ತಾರ. ಹತ್ತು ನಿಮಿಷದಲ್ಲಿ ಹಾಲು ತರೋ ಆ್ಯಪ್‌ಗಳ ಹಿಂದೆನೂ ಇದೇ ಕೆಲಸ. ಅಲ್ಲಿಗೆ ಆಮೇಲೆ ಹೋಗಬಹುದು. ಮೊದಲ ಎರಡು ವರ್ಷ ಮಾಲು ಕಣ್ಣಿಗೆ ಕಾಣೋ ಜಾಗದಲ್ಲಿ ಕಲಿತವರು ಪರದೆ ಮೇಲಿನ ಅಂಕಿಯನ್ನ ಬೇರೆ ಥರ ಓದ್ತಾರ ಅನ್ನೋದು ನನ್ನ ಅಭಿಪ್ರಾಯ.

ಹುಡುಕೋವಾಗ ಒಂದು ಮಾತು ನೆನಪಿಡ್ರಿ. ನಮ್ಮ ಕಡೆ ಜಾಹೀರಾತಿನಲ್ಲಿ "ಇನ್ವೆಂಟರಿ ಪ್ಲ್ಯಾನರ್" ಅಂತ ಅಪರೂಪಕ್ಕೆ ಬರುತ್ತೆ. ಸ್ಟೋರ್ಸ್ ಅಸಿಸ್ಟೆಂಟ್, ಪರ್ಚೇಸ್ ಅಸಿಸ್ಟೆಂಟ್, ಮಟೀರಿಯಲ್ ಪ್ಲ್ಯಾನರ್, ಪಿಪಿಸಿ ಅಂತ ಬರುತ್ತೆ. ಎಲ್ಲಾ ಒಂದೇ ಓಣಿಯ ಮನೆಗಳು.

ಈಗ ದಾಟೋದು ಹೆಂಗ ಅನ್ನೋ ಮಾತು. ನನ್ನ ಜೊತೆ ಬಿ.ಕಾಂ ಓದಿದವನೊಬ್ಬ ಒಂದು ಕಾರ್ಖಾನೆಯ ಸ್ಟೋರ್‌ಗೆ ಸೇರಿದ. ಮೊದಲ ವರ್ಷ ಮಾಲು ಬಂದ್ರ ಎಂಟ್ರಿ, ಹೋದ್ರ ಎಂಟ್ರಿ. ಅವನು ಒಂದೇ ಒಂದು ಕೆಲಸ ಹೆಚ್ಚಿಗೆ ಮಾಡಿದ. ಜಾಸ್ತಿ ಬಳಕೆಯ ಇಪ್ಪತ್ತು ಐಟಂ ಆರಿಸಿಕೊಂಡು, ಪ್ರತಿ ತಿಂಗಳ ಒಂದನೇ ತಾರೀಖು ಒಂದು ನೋಟ್‌ಬುಕ್‌ನಲ್ಲಿ "ಈ ತಿಂಗಳು ಇಷ್ಟು ಖರ್ಚಾಗುತ್ತೆ" ಅಂತ ತನ್ನ ಅಂದಾಜು ಬರೆದಿಟ್ಟ. ತಿಂಗಳ ಕೊನೆಗೆ ನಿಜವಾದ ಅಂಕಿ ಪಕ್ಕದಲ್ಲಿ. ಮೂರನೇ ಕಾಲಂನಲ್ಲಿ ವ್ಯತ್ಯಾಸ, ನಾಲ್ಕನೆಯದರಲ್ಲಿ ಯಾಕೆ ಅಂತ. ಯಾರೂ ಹೇಳಿರಲಿಲ್ಲ, ಯಾರೂ ನೋಡ್ತಿರಲಿಲ್ಲ. ಎಂಟು ತಿಂಗಳಾದ ಮೇಲೆ ಅವನಿಗೇ ಗೊತ್ತಾಯ್ತು, ಕೆಲವು ಐಟಂಗಳಲ್ಲಿ ತಾನು ಯಾವಾಗಲೂ ಜಾಸ್ತಿ ಹೇಳ್ತೀನಿ ಅಂತ. ಜೊತೆಗೆ ಇನ್ನೊಂದು ಕಂಡಿತು. ಸಿಸ್ಟಮ್‌ನಲ್ಲಿ ಒಂದು ಕೆಮಿಕಲ್‌ಗೆ ಲೀಡ್ ಟೈಮ್ 14 ದಿನ ಅಂತಿತ್ತು, ಬಿಲ್ ನೋಡಿದ್ರ 23 ದಿನಕ್ಕಿಂತ ಮುಂಚೆ ಒಮ್ಮೆಯೂ ಬಂದಿರಲಿಲ್ಲ. ಪ್ರತಿ ಸಲ ಅದು ಮುಗಿದು ಗಲಾಟೆ ಆಗ್ತಿದ್ದದ್ದಕ್ಕೆ ಕಾರಣ ಆ ಒಂದು ಅಂಕಿ. ಅವನು ಅದನ್ನ ಒಂದು ಹಾಳೆಯಲ್ಲಿ ಬರೆದು ಮ್ಯಾನೇಜರ್‌ಗೆ ಕೊಟ್ಟ. ಇವತ್ತು ಅವನು ಬೇರೆ ಕಂಪನಿಯಲ್ಲಿ ಮಟೀರಿಯಲ್ ಪ್ಲ್ಯಾನರ್. ಇಂಟರ್‌ವ್ಯೂಗೆ ಆ ನೋಟ್‌ಬುಕ್ ತಗೊಂಡು ಹೋಗಿದ್ದ.

ಕೋರ್ಸ್ ಬಗ್ಗೆ ಬಹಳ ಜನ ಕೇಳ್ತೀರಿ. ಎಕ್ಸೆಲ್ ಗಟ್ಟಿ ಇರಲಿ, ಪಿವಟ್ ಟೇಬಲ್, ಲುಕಪ್ ಕಣ್ಣು ಮುಚ್ಚಿ ಬರಬೇಕು. ಸ್ಯಾಪ್ ಅನ್ನೋದು ಕೆಲಸದ ಜಾಗದಲ್ಲೇ ಕಲಿಯೋದು ಒಳ್ಳೇದು. ಸಾಲ ಮಾಡಿ ಕೋಚಿಂಗ್ ಸೇರಬ್ಯಾಡ್ರಿ. ಸ್ವಯಂ ಪೋರ್ಟಲ್‌ನಲ್ಲಿ ಸಪ್ಲೈ ಚೈನ್ ಪಾಠಗಳು ಪುಕ್ಕಟೆ ಇದಾವ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಂದ್ರ ಮಾತ್ರ ಫೀಸು. ಸಿಪಿಐಎಂ ಅಂತ ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಇದೆ, ಒಳ್ಳೇದು, ಆದರೆ ದುಬಾರಿ. ಕಂಪನಿ ದುಡ್ಡು ಕೊಡೋ ತನಕ ಕಾಯ್ರಿ. ಸಂಬಳದ ಅಂಕಿ ಹೇಳಿ ಥಂಬ್‌ನೇಲ್ ಮಾಡೋದು ನನಗೆ ಬರಲ್ಲ. ಶುರುವಿನಲ್ಲಿ ಕಡಿಮೆಯೇ ಇರುತ್ತೆ. ಅದನ್ನ ಮುಚ್ಚಿಡೋದರಲ್ಲಿ ಅರ್ಥ ಇಲ್ಲ.

ಕಷ್ಟದ ಮಾತೂ ಹೇಳಬೇಕು. ಈ ಕೆಲಸದಲ್ಲಿ ಶಭಾಷ್ ಅನ್ನೋರು ಇಲ್ಲ. ಮಾಲು ಇದ್ದಾಗ ಯಾರೂ ನಿಮ್ಮನ್ನ ನೆನೆಸಲ್ಲ, ಇಲ್ಲದಾಗ ಎಲ್ಲರೂ ನೆನೆಸ್ತಾರ. ಸೇಲ್ಸ್‌ನವರಿಗೆ ಹೆಚ್ಚು ಸ್ಟಾಕ್ ಬೇಕು, ಅಕೌಂಟ್ಸ್‌ನವರಿಗೆ ಕಡಿಮೆ ಬೇಕು, ಪರ್ಚೇಸ್‌ನವರಿಗೆ ಒಮ್ಮೆಗೇ ದೊಡ್ಡ ಆರ್ಡರ್ ಬೇಕು, ಗೋಡೌನ್‌ನವರಿಗೆ ಜಾಗ ಬೇಕು. ನಡುವೆ ನೀವು. ಮಾರ್ಚ್ 31 ಹತ್ತಿರ ಬಂದಾಗ ಸ್ಟಾಕ್ ಎಣಿಕೆ, ಆಡಿಟ್, ಮನೆ ಕಡೆ ಲಕ್ಷ್ಯ ಇರಲ್ಲ. ಕೆಲವು ಕಡೆ ಲೆಕ್ಕದಲ್ಲಿ ಇದ್ದು ಕಪಾಟಿನಲ್ಲಿ ಇಲ್ಲದ ಮಾಲನ್ನ "ಅಡ್ಜಸ್ಟ್ ಮಾಡಪಾ" ಅನ್ನೋರು ಇರ್ತಾರ. ಅಲ್ಲಿ ಸಹಿ ಹಾಕಬ್ಯಾಡ್ರಿ. ನಾಳೆ ಆ ಸಹಿಯೊಂದೇ ಉಳಿಯೋದು.

ಸರಿ, ತಂಗಿ, ಈಗ ನಿಮ್ಮ ಉತ್ತರ. ನನ್ನ ಮಾತು ಕೇಳೋದಾದ್ರ, ಸೋಮವಾರ ಹೂಂ ಅನ್ನೋಕೆ ಮುಂಚೆ ಫೋನ್ ಹಚ್ಚಿ ನಾಲ್ಕು ಮಾತು ಕೇಳ್ರಿ. ಸಿಸ್ಟಮ್‌ನ ಲಾಗಿನ್ ನನಗೆ ಕೊಡ್ತೀರಾ, ಇಲ್ಲಾ ರಜಿಸ್ಟರ್ ಮಾತ್ರನಾ? ಆರ್ಡರ್ ಎಷ್ಟು ಹಾಕಬೇಕು ಅಂತ ಈಗ ಯಾರು ನಿರ್ಧಾರ ಮಾಡ್ತಾರ, ಅವರ ಕೈಕೆಳಗ ನಾನು ಇರ್ತೀನಾ? ಹಿಂದೆ ಈ ಕುರ್ಚಿಯಲ್ಲಿ ಇದ್ದವರು ಈಗ ಎಲ್ಲಿದ್ದಾರ? ಈ ಮೂರನೇದ್ದು ಮುಖ್ಯ. ಹಿಂದಿನವರು ಪ್ಲ್ಯಾನಿಂಗ್‌ಗೆ ಹೋಗಿದ್ರ ದಾರಿ ಇದೆ ಅಂತ ಅರ್ಥ. ಹನ್ನೆರಡು ವರ್ಷದಿಂದ ಅದೇ ಕುರ್ಚಿಯಲ್ಲಿ ಇದ್ದು ರಿಟೈರ್ ಆಗಿದ್ರ ಯೋಚನೆ ಮಾಡ್ರಿ. ನಾಲ್ಕನೇದ್ದು ಶಿಫ್ಟ್ ಯಾವುದು, ಕಂಪನಿ ಗಾಡಿ ಎಲ್ಲಿ ತನಕ ಬರ್ತೈತಿ ಅನ್ನೋದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಿಮಗೆ ಸರ್ಕಾರಿ ಬಸ್ಸಿನ ಟಿಕೆಟ್ ಚಿಂತೆ ಇಲ್ಲ ನಿಜ, ಆದರೆ ಸಂಜೆ ಕೊನೇ ಬಸ್ಸಿನ ಚಿಂತೆ ಇದ್ದೇ ಇದೆ. ಅದನ್ನ ಕೇಳೋಕೆ ಸಂಕೋಚ ಬ್ಯಾಡ.

ಇವಕ್ಕೆ ಸರಿಯಾದ ಉತ್ತರ ಬಂದ್ರ ಸೇರ್ರಿ. ಎಸ್‌ಡಿಎ ಪುಸ್ತಕ ಮಾರಬ್ಯಾಡ್ರಿ, ಕಪಾಟಿನಾಗ ಇರಲಿ. ಅರ್ಜಿ ಕರೆದಾಗ ಬರೀರಿ, ಭಾನುವಾರ ಓದ್ರಿ. ಆದರೆ ಕೆಲಸಕ್ಕೆ ಹದಿನೆಂಟು ತಿಂಗಳ ಗಡುವು ಹಾಕ್ಕೊಳ್ರಿ. ಅಷ್ಟರೊಳಗ ಒಂದಾದರೂ ಐಟಂನ "ಎಷ್ಟು ಇರಬೇಕು" ಅನ್ನೋ ಅಂಕಿ ನಿಮ್ಮ ಕೈಗೆ ಬರದಿದ್ರ, ನೋಟ್‌ಬುಕ್ ಎತ್ಕೊಂಡು ಬೇರೆ ಕಡೆ ನಡೀರಿ.

ಅಪ್ಪಾರಿಗೆ ನಾನು ಮಾತಾಡಬೇಕಂದ್ರ ಹೇಳ್ರಿ, ಫೋನ್ ಹಚ್ತೀನಿ. ಉಳಿದವರು, ಸ್ಟೋರ್ಸ್, ಪರ್ಚೇಸ್, ಪಿಪಿಸಿಯೊಳಗ ಕೆಲಸ ಮಾಡೋರು ಯಾರಾದರೂ ಕೇಳ್ತಿದ್ರ ನಿಮ್ಮ ಮೊದಲ ವರ್ಷ ಹೆಂಗಿತ್ತು ಅಂತ ವಾಯ್ಸ್ ನೋಟ್ ಕಳಿಸ್ರಿ. ಎರಡು ನಿಮಿಷದೊಳಗ ಇರಲಿ, ಹೋದ ಸಲ ಒಬ್ಬರು ಹನ್ನೊಂದು ನಿಮಿಷದ್ದು ಕಳಿಸಿದ್ರು. ಮುಂದಿನ ವಾರ ಸಿಗೋಣ್ರಿ.